ಬದುಕು ಹೇಗಿದೆ ಎಂದು ಕೇಳಲು ಯಾವ ಪ್ರಶ್ನಾವಳಿ?

ಡಯಾಲಿಸಿಸ್‌ಗೆಂದು ಸಕಲೇಶಪುರದಿಂದ ಹಾಸನಕ್ಕೆ ಬಸ್ ಹತ್ತುವವರನ್ನು ‘ಹೇಗಿದ್ದೀರಿ’ ಎಂದರೆ ‘ಏನೋ, ಹಿಂಗೇ ಇದೀನಿ’ ಅಂತಾರೆ. ಇದನ್ನು ಅಂಕಿಯಲ್ಲಿ ಹಿಡಿಯಬೇಕಾದರೆ ಪ್ರಶ್ನಾವಳಿ ಬೇಕು.

ಚಿಕ್ಕದು ಬೇಕಾ? ಇಕ್ಯೂ-5ಡಿ-5ಎಲ್ ನೋಡಿ. ಓಡಾಟ, ಸ್ವಂತ ಆರೈಕೆ, ದಿನದ ಕೆಲಸ, ನೋವು, ಆತಂಕ, ಇಷ್ಟೇ ವಿಷಯ. ಪ್ರತಿಯೊಂದಕ್ಕೂ 5 ಹಂತ. ಜೊತೆಗೆ ಒಟ್ಟು ಆರೋಗ್ಯಕ್ಕೆ ಅಂಕ ಕೊಡಲು 0ಯಿಂದ 100ರವರೆಗಿನ ಒಂದು ಅಳತೆಪಟ್ಟಿ. ಕೇಳುವುದು ಇವತ್ತಿನ ಸ್ಥಿತಿ ಮಾತ್ರ. ಹಾಗಾಗಿ ಡಯಾಲಿಸಿಸ್ ಆದ ಸಂಜೆಗೂ ಮರುದಿನಕ್ಕೂ ಉತ್ತರ ಬೇರೆಯಾಗಬಹುದು.

ಇನ್ನೊಂದು ಪ್ರಶ್ನಾವಳಿ ಎಸ್‌ಎಫ್-36, ಹೆಚ್ಚಾಗಿ ಹಿಂದಿನ 4 ವಾರಗಳನ್ನು ಕೇಳುತ್ತದೆ. 36 ಪ್ರಶ್ನೆ, 8 ವಿಭಾಗ. ದೇಹದ ಶಕ್ತಿಯನ್ನು ಚೆನ್ನಾಗಿ ಬಿಡಿಸಿ ತೋರಿಸುತ್ತದೆ. ಆದರೆ ಮೂಲ ಇಂಗ್ಲಿಷಿನಲ್ಲಿ ಸಾಧಾರಣ ಶ್ರಮಕ್ಕೆ ಕೊಟ್ಟ ಉದಾಹರಣೆಗಳಲ್ಲಿ ಗಾಲ್ಫ್ ಆಡುವುದೂ ಒಂದು! ಕಾಫಿ ಕೊಯ್ಯುವ ಹೆಂಗಸಿಗೆ ಏನಂತ ಕೇಳೋದು? ಸುಮ್ನೆ ನಾವೇ ‘ನೀರಿನ ಕೊಡ ಹೊರುವುದು’ ಎಂದು ಬದಲಿಸಿದರೆ ಅಂಕಗಳನ್ನು ಬೇರೆ ಅಧ್ಯಯನಗಳ ಜೊತೆ ಹೋಲಿಸುವುದು ಕಷ್ಟ.

ನನ್ನ ಮತ ವಿಶ್ವ ಆರೋಗ್ಯ ಸಂಸ್ಥೆಯ 26 ಪ್ರಶ್ನೆಗಳ ಹೂಕಾಲ್-ಬ್ರೆಫ್‌ಗೆ. ದೇಹ, ಮನಸ್ಸು, ಸಂಬಂಧದ ಜೊತೆ ಪರಿಸರವೂ ಇದೆ: ದುಡ್ಡು ಸಾಲುತ್ತದಾ, ಓಡಾಡಲು ವಾಹನ ಇದೆಯಾ, ಆಸ್ಪತ್ರೆ ಸೇವೆ ಕೈಗೆಟುಕುತ್ತದಾ. ಮಲೆನಾಡಿನ ಮಳೆಗಾಲದಲ್ಲಿ ಕಾಯಿಲೆಗಿಂತ ಬಸ್ಸೇ ಜಾಸ್ತಿ ಕಾಡುತ್ತದೆ ಅಲ್ವಾ? ಕೇಳುವುದು 2 ವಾರದ ಅನುಭವ.

ಪ್ರತಿ ಭೇಟಿಯಲ್ಲೂ ಅಳೆಯುವುದಾದರೆ ಮಾತ್ರ ಇಕ್ಯೂ ಹಿಡಿಯಿರಿ. ಹೂಕಾಲ್‌ನಲ್ಲಿ ದಾಂಪತ್ಯ ಸುಖದ ಪ್ರಶ್ನೆಯೂ ಒಂದಿದೆ. ಅತ್ತೆ ಪಕ್ಕದಲ್ಲಿ ಕೂತಿರುವಾಗ ಕೇಳಬೇಡಿ.