ಗಾಡಿ ಫ್ರಿಜ್ಜು, ಎರಡು ಕೆಜಿ ಬಂಗಡೆ ಮತ್ತು ಒಂದು ಡಬ್ಬಿ ಮೊಸರು

38 ಸಾವಿರ ಕೊಟ್ಟು ಗಾಡಿಯಲ್ಲಿಡುವ ಫ್ರಿಜ್ ತಂದಾಗ ಮನೆಯಲ್ಲಿ ಎರಡು ದಿನ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ತಪ್ಪೂ ಅಲ್ಲ. ಕಾರವಾರದಲ್ಲಿ ಮೀನು ಒಯ್ಯಲು ಒಂದು ಥರ್ಮೋಕೋಲ್ ಪೆಟ್ಟಿಗೆ, ನಾಲ್ಕು ಹಿಡಿ ಐಸ್ ಇದ್ದರೆ ಮುಗಿಯಿತು. ಈಗ ಒಂದೂವರೆ ವರ್ಷ ಆಗಿದೆ. ಎಷ್ಟು ಲೀಟರ್, ಎಷ್ಟು ತೂಕ ಎಲ್ಲ ಡಬ್ಬದ ಮೇಲೇ ಬರೆದಿರುತ್ತದೆ, ನಾನು ಹೇಳುವುದಿಲ್ಲ. ಮೊದಲ ಸಲ ಅದು ನನ್ನ ಮರ್ಯಾದೆ ತೆಗೆದ ಕತೆ ಮಾತ್ರ ಹೇಳಲೇಬೇಕು.

ಏಪ್ರಿಲ್ ತಿಂಗಳು. ಎರಡು ಗಾಡಿ, ಐದು ಜನ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಸಿರ್ಸಿ ಕಡೆ, ದೋಸ್ತನ ಮಾಲ್ಕಿ ಜಾಗಕ್ಕೆ. (ಕಾಡೊಳಗೆ ಸುಮ್ನೆ ಟೆಂಟ್ ಹಾಕುವ ಹಾಗಿಲ್ಲ, ಅರಣ್ಯ ಇಲಾಖೆಯ ಅನುಮತಿ ಬೇಕು.) ಎಲ್ಲರದ್ದೂ ಹೊಸ ಸಾಮಾನು. ಗಾಡಿಯ ಮಾಡಿನ ಮೇಲೆ ಬಿಚ್ಚುವ ಟೆಂಟ್ ಚೆನ್ನಾಗಿತ್ತು, ಆದರೆ ರಾತ್ರಿ ಎರಡೂ ಬದಿ ಕಿಟಕಿ ಸ್ವಲ್ಪ ತೆರೆದಿಡದಿದ್ದರೆ ಬೆಳಿಗ್ಗೆ ನಮ್ಮದೇ ಉಸಿರು ನೀರಾಗಿ ಮುಖದ ಮೇಲೆ ಬೀಳುತ್ತದೆ. ಗಾಳಿ ಹೊಡೆಯುವ ಪಂಪಿನ ಬಗ್ಗೆ ದೂರಿಲ್ಲ. ಕೊನೆಯ ಮೂರು ಕಿಲೋಮೀಟರ್ ಚಿರೆಕಲ್ಲಿನ ಏರು, ಹಿಡಿತ ಸಿಗಲಿ ಅಂತ ಟೈರಿನ ಗಾಳಿ 32ರಿಂದ 20 ಪಿಎಸ್ಐಗೆ ಇಳಿಸಿದೆವು, ವಾಪಸ್ ಬರುವಾಗ ಅದರಲ್ಲೇ ತುಂಬಿಸಿಕೊಂಡೆವು.

ದಣಪೆ ದಾಟಿ ಮಾವಿನ ಮರದ ಅಡಿ ಗಾಡಿ ನಿಲ್ಲಿಸಿದಾಗ ಮಧ್ಯಾಹ್ನ ಒಂದು ಗಂಟೆ. ಫ್ರಿಜ್ಜಿನಲ್ಲಿ ಬೆಳಿಗ್ಗೆ ಕಾರವಾರ ಪೇಟೆಯಲ್ಲಿ ಕೊಂಡ ಎರಡು ಕೆಜಿ ಬಂಗಡೆ, ಮರುದಿನದ ಬಾಬತ್ತು. ಮೊದಲ ರಾತ್ರಿಯ ಊಟ ದೋಸ್ತನ ಆಯಿ ಕೈಯದ್ದು. ಅಪ್ಪೆಹುಳಿ ಕುಡಿದೂ ಕುಡಿದೂ ಯಾರಿಗೂ ಫ್ರಿಜ್ಜಿನ ನೆನಪೇ ಬರಲಿಲ್ಲ. ದೋಸ್ತ ಮಾತ್ರ ಕತ್ತಲಲ್ಲಿ ಹೋಗಿ ಬೆಳಗಿನ ಮಜ್ಜಿಗೆಗೆ ಅಂತ ಒಂದು ಡಬ್ಬಿ ಮೊಸರು ಇಟ್ಟು ಬಂದ.

ಬೆಳಿಗ್ಗೆ ಮುಚ್ಚಳ ತೆಗೆದವನೂ ಅವನೇ.

"ಮಾರಾಯಾ, ಇದು ಮೊಸರಾ, ಬಂಗಡೆ ಅಂಬಲಿಯಾ?"

ಫ್ರಿಜ್ ನಾವು ಬಂದ ಸ್ವಲ್ಪ ಹೊತ್ತಿಗೇ ನಿಂತುಹೋಗಿತ್ತು. ಪೂರ್ತಿ ಮಧ್ಯಾಹ್ನ ಮುಚ್ಚಿದ ಗಾಡಿಯೊಳಗೆ, ಏಪ್ರಿಲ್ ಸೆಕೆಯಲ್ಲಿ. "ಚೆನ್ನಾಗಿ ಹುರಿದರೆ ಆಗುತ್ತಲ್ವಾ?" ಅಂತ ಒಬ್ಬ ಕೇಳಿದ. ಆಗುವುದಿಲ್ಲ. ಕೆಟ್ಟ ಬಂಗಡೆಯಲ್ಲಿ ಹಿಸ್ಟಮಿನ್ ಎಂಬ ವಿಷಾಂಶ ಹೆಚ್ಚುತ್ತದೆ, ಹುರಿದರೂ ಕುದಿಸಿದರೂ ಅದು ಹೋಗುವುದಿಲ್ಲ. ಹೊಂಡ ತೋಡಿ ಹುಗಿದೆವು. ಆ ದಿನ ಎರಡೂ ಹೊತ್ತು ಅವಲಕ್ಕಿ.

ಮಾರಿದವರಿಗೆ ಫೋನ್ ಮಾಡಿದರೆ "ನಿಮ್ಮ ಬ್ಯಾಟರಿ ಹಳೆಯದು ಸರ್" ಎಂಬ ಒಂದೇ ಉತ್ತರ. ಗಾಡಿಯ ಬ್ಯಾಟರಿಗೆ ಆರು ತಿಂಗಳೂ ಆಗಿರಲಿಲ್ಲ. ವಾಪಸ್ ಬಂದು ಮೀಟರ್ ಹಿಡಿದು ನೋಡಿದೆ. ಬ್ಯಾಟರಿ ಬುಡದಲ್ಲಿ 12.3 ವೋಲ್ಟ್, ಫ್ರಿಜ್ ಓಡುವಾಗ ಅದರ ಪರದೆಯಲ್ಲಿ 11. ನಡುವಿನದನ್ನು ತಿಂದದ್ದು ವೈರು! ಡಬ್ಬದ ಜೊತೆ ಬರುವ ಸಪೂರ ವೈರು, ಸಿಗರೇಟ್ ಸಾಕೆಟ್ಟಿನ ಸಡಿಲ ಪಿನ್ನು, ಅದಕ್ಕೆ ಡಿಕ್ಕಿವರೆಗಿನ ಉದ್ದ ಬೇರೆ. ಫ್ರಿಜ್ ಮಾತ್ರ, ಬ್ಯಾಟರಿ ಖಾಲಿಯಾಗುತ್ತಿದೆ, ನಾಳೆ ಗಾಡಿ ಸ್ಟಾರ್ಟ್ ಆಗಲಿಕ್ಕಿಲ್ಲ ಅಂದುಕೊಂಡು ತಾನೇ ಆಫ್ ಆಗಿದೆ. ಒಮ್ಮೆ ನಿಂತರೆ ಮತ್ತೆ ಶುರುವಾಗಲು ಅದಕ್ಕೆ ಇನ್ನೂ ಜಾಸ್ತಿ ವೋಲ್ಟ್ ಬೇಕು. ಅಂದರೆ ಅದು ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಕೋಪ ಸ್ವಲ್ಪ ಇಳಿಯಿತು, ಪೂರ್ತಿ ಅಲ್ಲ. 38 ಸಾವಿರದ ವಸ್ತುವಿನ ಜೊತೆ ಅಂಥ ವೈರು ಕೊಡುವವರಿಗೆ ಏನು ಹೇಳುವುದು?

ಎಲೆಕ್ಟ್ರಿಷಿಯನ್ ಹತ್ತಿರ ಬ್ಯಾಟರಿಯಿಂದ ಡಿಕ್ಕಿಗೆ ನೇರವಾಗಿ 6 ಸ್ಕ್ವೇರ್ ಎಂಎಂನ ದಪ್ಪ ವೈರು ಎಳೆಸಿದೆ, ಬ್ಯಾಟರಿ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್. ಅಲ್ಲಿಂದ ಇಲ್ಲಿಯವರೆಗೆ ಒಂದು ಸಲವೂ ನಡುರಾತ್ರಿ ಕೈಕೊಟ್ಟಿಲ್ಲ. ನನ್ನ ಡೀಸೆಲ್ ಗಾಡಿಯ ಬ್ಯಾಟರಿಯಲ್ಲಿ ಒಂದು ರಾತ್ರಿ ಆರಾಮ. ಎರಡನೇ ದಿನ ಗಾಡಿ ಎಲ್ಲಿಗಾದರೂ ಓಡಿಸಲೇಬೇಕು. ಒಂದೇ ಕಡೆ ಮೂರು ದಿನ ಕೂರುವವರು ಬೇರೆ ಬ್ಯಾಟರಿ ಇಟ್ಟುಕೊಳ್ಳಿ, ಬೆಳಿಗ್ಗೆ ಗಾಡಿ ತಳ್ಳುವುದು ತಪ್ಪುತ್ತದೆ.

ಈಗ ಹೊರಡುವ ಹಿಂದಿನ ರಾತ್ರಿ ಒಂದು ಪೂಜೆಯೇ ನಡೆಯುತ್ತದೆ. ಫ್ರಿಜ್ಜನ್ನು ಮನೆ ಕರೆಂಟಿಗೆ ಹಾಕಿ ಖಾಲಿಯಾಗಿಯೇ ತಣ್ಣಗೆ ಮಾಡುತ್ತೇನೆ. ಅಡುಗೆಮನೆ ಫ್ರಿಜ್ಜಿನಲ್ಲಿ ಎರಡು ಬಾಟಲಿ ನೀರು ಕಲ್ಲಾಗುತ್ತಿರುತ್ತವೆ. ಬೆಳಿಗ್ಗೆ ಅವು ತಳಕ್ಕೆ, ಮೇಲೆ ಮಸಾಲೆ ಮೆತ್ತಿದ ಮೀನಿನ ಸ್ಟೀಲ್ ಡಬ್ಬಿ. ಎಡ ಮೂಲೆಯಲ್ಲಿ ಹಾಲು. ಘಟ್ಟದ ಮೇಲೆ ಐದೂವರೆಗೆ ಎದ್ದು, ಇನ್ನೂ ಕತ್ತಲಿರುವಾಗ ಮುಚ್ಚಳ ಎತ್ತಿದರೆ ಒಳಗಿನ ಸಣ್ಣ ದೀಪದಲ್ಲಿ ಬಿಳಿ ಹೊಗೆ ಕಾಲಿನ ಮೇಲೆ ಇಳಿಯುತ್ತದೆ. ಡಬ್ಬಿಯ ಹೊರಗೆ ಬೆವರು. ಹಾಲಿನ ಮೇಲೆ ಹೆಪ್ಪುಗಟ್ಟಿದ ಕೆನೆ, ಬೆರಳಲ್ಲಿ ಸರಿಸಬೇಕು. ಹಾಲಿನ ಪುಡಿಯ ಚಹಾ ಕುಡಿದು ಕ್ಯಾಂಪ್ ಮಾಡಿದವರಿಗೆ ಇದರ ಬೆಲೆ ಗೊತ್ತು. ಇದಕ್ಕೇ ಕೊಂಡದ್ದು ಅಂತ ಈಗ ಹೇಳುತ್ತೇನೆ, ಕೊಳ್ಳುವಾಗ ಹಾಲು ತಲೆಯಲ್ಲೇ ಇರಲಿಲ್ಲ.

ಉಪ್ಪುಗಾಳಿಗೆ ಮುಚ್ಚಳದ ಸ್ಕ್ರೂಗಳು ತುಕ್ಕು ಹಿಡಿದಿವೆ. ಕಡಲ ಬದಿಯವರು ಕೊಂಡ ದಿನವೇ ಸ್ಟೇನ್‌ಲೆಸ್ ಸ್ಟೀಲಿನದು ಹಾಕಿಸಿ. ಮಳೆಗಾಲದಲ್ಲಿ ಮುಚ್ಚಿಟ್ಟರೆ ರಬ್ಬರಿಗೆ ಬೂಸು ಬರುತ್ತದೆ, ಸಂದಿಗೆ ಒಂದು ಬಟ್ಟೆ ಸಿಕ್ಕಿಸಿಡಿ. ವರ್ಷಕ್ಕೆ ಎರಡೇ ಸಲ, ಒಂದೊಂದೇ ರಾತ್ರಿ ಹೋಗುವವರು ಖಂಡಿತ ಕೊಳ್ಳಬೇಡಿ, ಥರ್ಮೋಕೋಲ್ ಸಾಕು. ತಿಂಗಳಿಗೊಮ್ಮೆ ಹೊರಡುವ ಚಟ ಇದ್ದರೆ ವೈರಿನ ದುಡ್ಡನ್ನೂ ಸೇರಿಸಿ ಲೆಕ್ಕ ಹಾಕಿ.

ಬಂಗಡೆಯ ವಾಸನೆ ಹೋಗಲು ಸೋಡಾಪುಡಿ, ಲಿಂಬು, ಎಂಟು ದಿನದ ಬಿಸಿಲು ಬೇಕಾಯಿತು. ಹೋಗಿದೆ ಅಂತ ನಾನು ಹೇಳುತ್ತೇನೆ. ದೋಸ್ತ ಮೊಸರಿನ ಡಬ್ಬಿಯನ್ನು ಈಗಲೂ ಬಕೆಟ್ ನೀರಿನಲ್ಲೇ ಇಡುತ್ತಾನೆ. ಹೋದ ತಿಂಗಳು ಫ್ರಿಜ್ಜನ್ನು ಜಗುಲಿಗೆ ಹತ್ತಿಸಲು ಹೋದರೆ ಆಯಿ ಬಾಗಿಲಲ್ಲೇ ತಡೆದರು. "ಅಲ್ಲಿ ಬ್ಯಾಡ ತಮಾ, ಕೊಟ್ಟಿಗೆ ಬದಿಗೆ ಇಡು."