ಬ್ಯಾಂಕಾಕ್‌ನಿಂದ ಚಿಯಾಂಗ್ ಮಾಯ್‌ಗೆ ರಾತ್ರಿ ರೈಲು: ಕೆಳಗಿನ ಬರ್ತ್ ಸಿಕ್ಕರೆ ಬಿಡಬೇಡಿ

ಮೊದಲೇ ಹೇಳಿಬಿಡುತ್ತೇನೆ. ಈ ರೈಲಿನಲ್ಲಿ ಕೆಳಗಿನ ಬರ್ತ್ ಸಿಕ್ಕರೆ ಕಣ್ಣು ಮುಚ್ಚಿಕೊಂಡು ಹೋಗಿ. ಮೇಲಿನದು ಸಿಕ್ಕರೆ ಸ್ವಲ್ಪ ಯೋಚನೆ ಮಾಡಿ. ಗೆಳೆಯರ ಗುಂಪು ಕಟ್ಟಿಕೊಂಡು ರಾತ್ರಿಯಿಡೀ ಹರಟೆ ಹೊಡೆಯುವ ಆಸೆಯಿಂದ ಹೊರಟಿದ್ದೀರಾದರೆ, ಮಾರಾಯ್ರೇ, ಇದು ಆ ರೈಲಲ್ಲ.

ನಾನು ಬ್ಯಾಂಕಾಕ್‌ನ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ, ಬಂದು ಮೂರು ವರ್ಷ ಆಯಿತು. ಊರು ಪುತ್ತೂರು. ಏಪ್ರಿಲ್ 13ರಿಂದ 15ರವರೆಗೆ ಇಲ್ಲಿ ಸೊಂಗ್‌ಕ್ರಾನ್, ಥಾಯ್ ಹೊಸ ವರ್ಷದ ಹಬ್ಬ. ಹೆಸರು ಕೇಳಿದರೇ ಗೊತ್ತಾಗುತ್ತದೆ ಅಲ್ವಾ, ನಮ್ಮ ಸಂಕ್ರಾಂತಿ ಎಂಬ ಪದವೇ ಅದು. ಅದೇ ದಿನಗಳಲ್ಲಿ ನಮ್ಮ ಕಡೆ ಬಿಸು, ಫಿಸಿಕ್ಸ್ ಹೇಳಿಕೊಡುವ ಪಾಲಕ್ಕಾಡಿನ ಗೆಳತಿಗೆ ವಿಷು. ಇಲ್ಲಿಯವರು ಬೆಳಗ್ಗೆ ಹಿರಿಯರ ಅಂಗೈಗೆ ನೀರು ಹನಿಸಿ ಆಶೀರ್ವಾದ ತೆಗೆದುಕೊಳ್ಳುತ್ತಾರೆ, ಆಮೇಲೆ ಬೀದಿಗಿಳಿದು ಬಕೆಟ್ ಹಿಡಿಯುತ್ತಾರೆ. ನೀರಾಟಕ್ಕೆ ಚಿಯಾಂಗ್ ಮಾಯ್‌ನಂಥ ಊರಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೇಳಿದ್ದರಿಂದ ಐದು ಜನ ಹೊರಟೆವು. ನಾವಿಬ್ಬರು, ಫಿಲಿಪ್ಪೀನ್ಸ್‌ನ ಇಬ್ಬರು ಪ್ರೈಮರಿ ಟೀಚರುಗಳು, ಮತ್ತೆ ಇಂಗ್ಲಿಷ್ ಪಾಠ ಮಾಡುವ ಆರಡಿ ಮೂರಂಗುಲದ ಒಬ್ಬ ಸ್ಕಾಟ್ಲೆಂಡ್‌ನವನು. ಅವನ ಎತ್ತರ ಯಾಕೆ ಹೇಳಿದೆ ಎಂದು ಮುಂದೆ ಗೊತ್ತಾಗುತ್ತದೆ.

ವಿಮಾನದಲ್ಲಿ ಒಂದೂಕಾಲು ಗಂಟೆಯ ದಾರಿ. ಆದರೂ ರೈಲೇ ಬೇಕು ಎಂದು ಹಟ ಹಿಡಿದವಳು ನಾನು. 9ನೇ ನಂಬರಿನ ಸ್ಪೆಷಲ್ ಎಕ್ಸ್‌ಪ್ರೆಸ್, ಸಂಜೆ 6.40ಕ್ಕೆ ಹೊರಟು ಬೆಳಗ್ಗೆ ಏಳೂಕಾಲಿನ ಹೊತ್ತಿಗೆ ತಲುಪಿಸುತ್ತದೆ. ಸುಮಾರು 750 ಕಿಲೋಮೀಟರ್. ಬೋಗಿಗಳು 2016ರಲ್ಲಿ ಬಂದ ಚೀನಾದವು. ಎರಡನೇ ಕ್ಲಾಸಿನ ಎ.ಸಿ. ಸ್ಲೀಪರ್‌ಗೆ ನಾವು ಕೊಟ್ಟದ್ದು ಮೇಲಿನ ಬರ್ತಿಗೆ 941 ಬಾತ್, ಕೆಳಗಿನದಕ್ಕೆ 1,041. ಒಂದು ಬಾತ್ ಅಂದರೆ ಆಗ ಎರಡೂವರೆ ರೂಪಾಯಿಯ ಆಚೀಚೆ, ಲೆಕ್ಕ ಹಾಕಿಕೊಳ್ಳಿ.

ಆ 100 ಬಾತ್ ವ್ಯತ್ಯಾಸ ಸುಮ್ನೆ ಇಟ್ಟದ್ದಲ್ಲ. ಕೆಳಗಿನ ಬರ್ತ್ ಅಗಲ ಜಾಸ್ತಿ, ಜೊತೆಗೆ ಒಂದು ದೊಡ್ಡ ಕಿಟಕಿ ಪೂರ್ತಿ ನಿಮ್ಮದೇ. ಮೇಲಿನದು ಕಿರಿದು, ಕಿಟಕಿಯೇ ಇಲ್ಲ, ಓಡಾಡುವ ದಾರಿಯ ದೀಪ ರಾತ್ರಿಯಿಡೀ ಉರಿಯುವುದರಿಂದ ಪರದೆಯ ಮೇಲಿನ ಸಂದಿಯಲ್ಲಿ ಬೆಳಕು ಬರುತ್ತಲೇ ಇರುತ್ತದೆ. ನಾವು ಟಿಕೆಟ್ ಮಾಡಿದ್ದು ತಡವಾಗಿ, ಅದೂ ಹಬ್ಬದ ವಾರಕ್ಕೆ. ಅದರ ಮೇಲೆ ನಾನು ಬುದ್ಧಿವಂತಿಕೆ ತೋರಿಸಲು ಹೋಗಿ ಒಂದು ಏಜೆಂಟ್ ವೆಬ್‌ಸೈಟಿನಲ್ಲಿ ಮಾಡಿಸಿದೆ. ಅವರು ಸರ್ವಿಸ್ ಚಾರ್ಜ್ ಎಂದು ತಲೆಗೆ ಇಷ್ಟು ಕಿತ್ತುಕೊಂಡು ಮೂರು ಮೇಲಿನದು, ಎರಡು ಕೆಳಗಿನದು ಕೊಟ್ಟರು, ಅದೂ ಎರಡು ಬೋಗಿಗಳಲ್ಲಿ ಹರಿದು ಹಂಚಿ. ಹೆಸರು ಹೇಳುವುದಿಲ್ಲ. ಥಾಯ್ ರೈಲ್ವೆಯದೇ ಡಿ-ಟಿಕೆಟ್ ಎಂಬ ಸೈಟ್ ಇದೆ, ಇಂಗ್ಲಿಷಿನಲ್ಲೂ ಇದೆ, ನೀವು ಅದರಲ್ಲೇ ಮಾಡಿ. ಬರ್ತ್ ನಕ್ಷೆ ನೋಡಿ ಆರಿಸಿಕೊಳ್ಳಬಹುದು.

ಸ್ಟೇಷನ್ ವಿಷಯ. ಹಳೆಯ ಬ್ಲಾಗ್‌ಗಳನ್ನು ಓದಿ ಹುವಾಲಂಪೋಂಗ್‌ಗೆ ಹೋಗಿ ನಿಲ್ಲಬೇಡಿ. ಅದು 1916ರ ಚಂದದ ಕಟ್ಟಡ ಹೌದು, ಆದರೆ ದೂರದ ರೈಲುಗಳು 2023ರ ಜನವರಿಯಿಂದ ಬಾಂಗ್ ಸೂ ಕಡೆಯ ಹೊಸ ಕ್ರುಂಗ್ ತೇಪ್ ಅಪಿವಾತ್ ಸ್ಟೇಷನ್ನಿಂದ ಹೊರಡುತ್ತವೆ. ಮೆಟ್ರೋದ ನೀಲಿ ಲೈನಿನಲ್ಲಿ ಬಾಂಗ್ ಸೂವಿನಲ್ಲಿ ಇಳಿದರೆ ಆಯಿತು. ವಿಮಾನ ನಿಲ್ದಾಣದಷ್ಟು ದೊಡ್ಡದು, ವಿಮಾನ ನಿಲ್ದಾಣದ ಹಾಗೇ ಕೆಳಗೆ ಹಾಲ್‌ನಲ್ಲಿ ಕೂರಿಸಿ ಹೊರಡುವ ಹೊತ್ತು ಹತ್ತಿರ ಬಂದ ಮೇಲೆ ಪ್ಲಾಟ್‌ಫಾರ್ಮಿಗೆ ಬಿಡುತ್ತಾರೆ. ಹೊರಗಿನ ದೊಡ್ಡ ಗಡಿಯಾರ ನೋಡಿ ಮಜಾ ಅನಿಸಿತು. ಅದರಲ್ಲಿ ಇರುವುದು ಒಂದೇ ಅಂಕಿ, ಥಾಯ್ ಲಿಪಿಯ ಒಂಬತ್ತು, ಒಂಬತ್ತನೇ ರಾಮ ಎಂದು ಕರೆಯುವ ರಾಜ ಭೂಮಿಬೋಲ್‌ನ ನೆನಪಿಗೆ. ಗಣಿತದವಳಾದ ನನಗೆ ಮಿಕ್ಕ ಹನ್ನೊಂದು ಎಲ್ಲಿ ಹೋದವು ಎಂದು ಒಳಗೊಳಗೇ ಕಸಿವಿಸಿ.

ಈಗ ಒಳಗೆ ಹೇಗಿದೆ ಅಂದರೆ, ನಮ್ಮ ರೈಲಿನ ಸೈಡ್ ಲೋವರ್, ಸೈಡ್ ಅಪ್ಪರ್ ಗೊತ್ತಲ್ಲ, ಇಡೀ ಬೋಗಿ ತುಂಬ ಬರೀ ಅದೇ. ನಡುವೆ ದಾರಿ, ಎರಡೂ ಬದಿಗೆ ಉದ್ದಕ್ಕೆ ಬರ್ತು. ಆರು ಜನ ಎದುರುಬದುರು ಕೂತು ಚಕ್ಕುಲಿ ಡಬ್ಬ ದಾಟಿಸುವ ಜಾಗ ಎಲ್ಲಿಯೂ ಇಲ್ಲ. ಕೂತರೆ ಎದುರಿಗೆ ಒಬ್ಬರು, ಅಷ್ಟೇ. ನಾನು ಬೆಂಗಳೂರು–ಪುತ್ತೂರು ರಾತ್ರಿ ರೈಲಿನಲ್ಲಿ ಬೆಳೆದವಳು. ಅಲ್ಲಿ ಹಾಸನ ದಾಟುವಷ್ಟರಲ್ಲಿ ಪಕ್ಕದವರ ಮಗಳ ಮದುವೆಯ ವಿಚಾರದವರೆಗೆ ಮಾತು ಹೋಗಿರುತ್ತದೆ. ಇಲ್ಲಿ ಅಯುತ್ಥಯ ದಾಟಿದ್ದೇ ತಡ, ಅಟೆಂಡೆಂಟ್ ಬಂದು ಒಂದು ಕೀಲಿ ತಿರುಗಿಸಿ ಮೇಲಿನ ಬರ್ತ್ ಕೆಳಗೆ ಎಳೆದ, ಸೀಟುಗಳನ್ನು ಕೂಡಿಸಿದ, ಪ್ಲಾಸ್ಟಿಕ್ ಕವರಿನಿಂದ ಇಸ್ತ್ರಿ ಮಾಡಿದ ಬೆಡ್‌ಶೀಟ್ ತೆಗೆದು ಮೂಲೆ ಮಡಚಿ ಹಾಸಿದ, ಪರದೆ ಸಿಕ್ಕಿಸಿದ. ಎರಡು ನಿಮಿಷ ಹಿಡಿಯಲಿಲ್ಲ. ಆ ಕೈಚಳಕ ನೋಡುವುದಕ್ಕೇ ಟಿಕೆಟ್ ಕೊಡಬಹುದು. ಆದರೆ ಹಾಸಿಗೆ ಹಾಸಿದ ಮೇಲೆ ಕೂರುವ ಜಾಗ ಮುಗಿಯಿತು, ಎಲ್ಲರೂ ಅವರವರ ಗೂಡು ಸೇರಿದರು, ರಾತ್ರಿ ಎಂಟೂವರೆಗೆ ಇಡೀ ಬೋಗಿ ಆಸ್ಪತ್ರೆಯ ವಾರ್ಡಿನ ಹಾಗೆ ಗಪ್‌ಚುಪ್.

ಹರಟೆ ಬೇಕಾದವರಿಗೆ ಉಳಿಯುವುದು ಊಟದ ಬೋಗಿ. ಅಲ್ಲಿ ಒಂದು ಗಂಟೆ ಕೂತೆವು. ಸ್ಕಾಟ್ಲೆಂಡ್‌ನವನು ಬಿಯರ್ ಕೇಳಿದ, ಸಿಗಲಿಲ್ಲ. 2014ರಲ್ಲೇ ರೈಲುಗಳಲ್ಲಿ ಮದ್ಯ ನಿಲ್ಲಿಸಿದ್ದು ಪಾಪ ಅವನಿಗೆ ಗೊತ್ತಿರಲಿಲ್ಲ. ನನ್ನ ಹಾಗೆ ಸಸ್ಯಾಹಾರಿಗಳಾದರೆ ಊಟ ಕಟ್ಟಿಕೊಂಡೇ ಹೋಗಿ. ತರಕಾರಿ ಅಂದರೂ ಇಲ್ಲಿ ಮೀನಿನ ಸಾಸ್ ಬೀಳುತ್ತದೆ. ಹೊರಗೆ ಊರಿನಲ್ಲಾದರೆ ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ‘ಜೇ’ ಎಂದು ಬರೆದ ಅಂಗಡಿ ಹುಡುಕಬಹುದು, ಅಲ್ಲಿ ಮಾಂಸ, ಮೀನು, ಮೊಟ್ಟೆ ಯಾವುದೂ ಇಲ್ಲ, ಬೆಳ್ಳುಳ್ಳಿ ಕೂಡ ಇಲ್ಲ. ರೈಲಿಗೆ ನಾನು ಚಿತ್ರಾನ್ನ ಮಾಡಿಕೊಂಡು ಹೋಗಿದ್ದೆ. ಇಲ್ಲಿನ ಜಾಸ್ಮಿನ್ ಅಕ್ಕಿಯಲ್ಲಿ ಚಿತ್ರಾನ್ನ ಉದುರುದುರಾಗುವುದಿಲ್ಲ, ಮುದ್ದೆಯಾಗುತ್ತದೆ, ಆದರೂ ಫಿಲಿಪ್ಪೀನ್ಸ್‌ನವರಿಬ್ಬರು ಡಬ್ಬದ ತಳ ಕೆರೆದು ತಿಂದರು.

ಅಟೆಂಡೆಂಟ್ ನಾವೆಲ್ಲ ಎಲ್ಲಿಯವರು, ಏನು ಕೆಲಸ ಎಂದು ಕೇಳಿದ. ‘ಕ್ರೂ’ ಅಂದೆ. ಥಾಯ್‌ನಲ್ಲಿ ಮೇಷ್ಟರಿಗೆ ಕ್ರೂ ಅನ್ನುತ್ತಾರೆ, ನಮ್ಮ ‘ಗುರು’ವೇ ಹಾಗೆ ಆಗಿರುವುದು. ತಕ್ಷಣ ಕೈ ಜೋಡಿಸಿದ. ತರಗತಿಯಲ್ಲಿ ಒಂಬತ್ತನೇ ಕ್ಲಾಸಿನವರು ನನಗೆ ಇಷ್ಟು ಮರ್ಯಾದೆ ಕೊಟ್ಟಿದ್ದರೆ ರಜೆಯೇ ಬೇಕಿರಲಿಲ್ಲ.

ಮಲಗುವ ವಿಷಯಕ್ಕೆ ಬಂದರೆ, ಹೋಗುವಾಗ ನನಗೆ ಮೇಲಿನ ಬರ್ತ್. ತಲೆಯ ಹತ್ತಿರ ಒಂದು ಓದುವ ದೀಪ, ಚಾರ್ಜ್ ಮಾಡಲು ಪ್ಲಗ್, ದಿಂಬು, ಹೊದಿಕೆ, ಎಲ್ಲ ಅಚ್ಚುಕಟ್ಟು. ಎ.ಸಿ. ಮಾತ್ರ ಜೋರು. ಸ್ವೆಟರ್ ತಗೊಂಡು ಹೋಗು ಎಂದು ಸ್ಟಾಫ್ ರೂಮಿನಲ್ಲಿ ಹೇಳಿದ್ದರು. ಏಪ್ರಿಲ್‌ನಲ್ಲಿ, 38 ಡಿಗ್ರಿಯಲ್ಲಿ, ಯಾರಾದರೂ ಸ್ವೆಟರ್ ಹೊರುತ್ತಾರಾ ಎಂದು ನಕ್ಕಿದ್ದೆ. ರಾತ್ರಿ ಒಂದು ಗಂಟೆಗೆ ದುಪಟ್ಟಾ ತಲೆಗೆ ಸುತ್ತಿಕೊಂಡು ಕೂತಾಗ ನಗು ಬರಲಿಲ್ಲ. ಆ ಸ್ಕಾಟ್ಲೆಂಡ್‌ನವನು ದೊಡ್ಡ ಮನಸ್ಸು ಮಾಡಿ ತನ್ನ ಕೆಳಗಿನ ಬರ್ತನ್ನು ಫಿಲಿಪ್ಪೀನ್ಸ್‌ನ ದೊಡ್ಡಕ್ಕನಿಗೆ ಬಿಟ್ಟುಕೊಟ್ಟು ಮೇಲೆ ಹತ್ತಿದ್ದ. ರಾತ್ರಿಯಿಡೀ ಅವನ ಎರಡು ಪಾದಗಳು ಪರದೆಯ ಹೊರಗೆ ಇದ್ದವು. ಹಾದುಹೋಗುವವರೆಲ್ಲ ಬಗ್ಗಿ ಹೋಗುತ್ತಿದ್ದರು.

ಬೆಳಗ್ಗೆ ಆರರ ಹೊತ್ತಿಗೆ ಖುನ್ ತಾನ್ ಬೆಟ್ಟ ಬರುತ್ತದೆ, ಆಗ ಎದ್ದಿರಿ. ಜರ್ಮನ್ ಎಂಜಿನಿಯರುಗಳ ಕೈಕೆಳಗೆ ಕೊರೆದ ಸುರಂಗ, 1918ರಲ್ಲಿ ಮುಗಿದದ್ದು, ಉದ್ದ 1,352 ಮೀಟರ್. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ 57 ಸುರಂಗ ದಾಟಿ ಬಂದವರ ಹತ್ತಿರ ಇದನ್ನು ಹೊಗಳುವುದು ಸ್ವಲ್ಪ ಕಷ್ಟವೇ, ನಾನು ಗೆಳೆಯರ ಮುಂದೆ ಆ ಜಂಬ ಕೊಚ್ಚಿಕೊಂಡೆ ಕೂಡ. ಆದರೆ ಸುರಂಗದಿಂದ ಹೊರಬಂದ ಕೂಡಲೇ ಸಿಗುವ ಖುನ್ ತಾನ್ ಸ್ಟೇಷನ್, ಅದರ ಸುತ್ತಿನ ಹೂವಿನ ಗಿಡ, ಆಮೇಲೆ ಇಳಿಜಾರಿನಲ್ಲಿ ಬರುವ ಬಿಳಿ ಕಮಾನಿನ ತಾ ಚೊಂಪೂ ಸೇತುವೆ, ಇವನ್ನೆಲ್ಲ ನಾನು ನೋಡಿದ್ದು ಪಾಲಕ್ಕಾಡಿನ ಗೆಳತಿಯ ಕೆಳಗಿನ ಬರ್ತಿನ ಕಾಲ ಬುಡದಲ್ಲಿ ಮುದುಡಿ ಕೂತು. ಮೇಲಿನ ಬರ್ತಿನಲ್ಲೇ ಇದ್ದಿದ್ದರೆ ಸುರಂಗ ಬಂದದ್ದು ಶಬ್ದದಲ್ಲಿ ಮಾತ್ರ ಗೊತ್ತಾಗುತ್ತಿತ್ತು. ಹಳಿ ಮೀಟರ್ ಗೇಜ್, ಹಾಗಾಗಿ ತಿರುವುಗಳಲ್ಲಿ ಬೋಗಿ ತೊಟ್ಟಿಲಿನ ಹಾಗೆ ತೂಗುತ್ತದೆ. ಹಾಸನ–ಮಂಗಳೂರು ಹಳಿ ಮೀಟರ್ ಗೇಜ್ ಇದ್ದ ಕಾಲದಲ್ಲಿ ಓಡಾಡಿದ ಅಪ್ಪನಿಗೆ ವೀಡಿಯೋ ಕಳುಹಿಸಿದೆ. ‘ಇದೇ ಕುಲುಕಾಟ’ ಎಂದು ಉತ್ತರ ಬಂತು.

ಚಿಯಾಂಗ್ ಮಾಯ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಕೋಟೆಯ ಸುತ್ತಿನ ಕಂದಕದ ನೀರಿನಲ್ಲಿ ಮೂರು ದಿನ ನೆಂದೆವು, ಕೆಂಪು ಸೊಂಗ್‌ಥೆವ್ (ಬಾಡಿಗೆಗೆ ಓಡುವ ಪಿಕಪ್) ಹತ್ತಿ ದೊಯ್ ಸುತೇಪ್ ಬೆಟ್ಟದ ಬೌದ್ಧ ದೇವಸ್ಥಾನಕ್ಕೆ ಹೋಗಿ ನಾಗನ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿದೆವು, ಮೇಲಿನಿಂದ ಊರು ಕಾಣಲಿಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅಲ್ಲಿ ಗದ್ದೆ, ಕಾಡು ಸುಡುವ ಹೊಗೆಯ ಕಾಲ. ನಾವು ಇಳಿದ ಗೆಸ್ಟ್‌ಹೌಸಿನವರು ಬೆಳಗ್ಗೆ ಎಂಟಕ್ಕೆ ಬ್ಯಾಗ್ ಇಟ್ಟುಕೊಳ್ಳಲೂ ಒಪ್ಪಲಿಲ್ಲ, ಎರಡು ಗಂಟೆಗೆ ಬನ್ನಿ ಎಂದು ಕಳುಹಿಸಿದರು. ರಾತ್ರಿ ರೈಲಿನಲ್ಲಿ ಹೋಗುವವರು ಇದೊಂದನ್ನು ಮುಂಚೆಯೇ ಕೇಳಿಟ್ಟುಕೊಳ್ಳಿ. ಇಲ್ಲದಿದ್ದರೆ ಸೊಂಗ್‌ಕ್ರಾನ್ ದಿನ ಲ್ಯಾಪ್‌ಟಾಪ್ ಬ್ಯಾಗ್ ಹೊತ್ತುಕೊಂಡು ಬೀದಿಯಲ್ಲಿ ನಿಲ್ಲಬೇಕಾಗುತ್ತದೆ, ಅಲ್ಲಿಯ ಮಕ್ಕಳಿಗೆ ಲ್ಯಾಪ್‌ಟಾಪ್ ಅಂದರೆ ಕರುಣೆ ಇಲ್ಲ.

ಬರುವಾಗ 10ನೇ ನಂಬರಿನ ರೈಲು, ನನಗೆ ಕೆಳಗಿನ ಬರ್ತ್. ಎಂಥ ನಿದ್ದೆ ಅಂದರೆ ಸುರಂಗವೂ ಗೊತ್ತಾಗಲಿಲ್ಲ, ಯಾವ ಸ್ಟೇಷನ್ನೂ ಗೊತ್ತಾಗಲಿಲ್ಲ, ಬ್ಯಾಂಕಾಕ್ ಹತ್ತಿರ ಬಂದಾಗ ಅಟೆಂಡೆಂಟ್ ಪರದೆ ಅಲ್ಲಾಡಿಸಿ ಎಬ್ಬಿಸಿದ.

ನಾಲ್ಕು ಜನ ಸೇರಿ ಹೋಗುವವರಿಗೆ ಒಂದು ಉಪಾಯ ಇದೆ, ನಮಗೆ ಆಮೇಲೆ ಗೊತ್ತಾದದ್ದು. ಫಸ್ಟ್ ಕ್ಲಾಸಿನಲ್ಲಿ ಇಬ್ಬಿಬ್ಬರ ಕೋಣೆಗಳಿವೆ, ಪಕ್ಕಪಕ್ಕದ ಎರಡು ಕೋಣೆಗಳ ನಡುವೆ ಬಾಗಿಲು ಇರುತ್ತದೆ. ಅದನ್ನು ತೆಗೆಸಿಕೊಂಡರೆ ನಿಮ್ಮದೇ ಹರಟೆ ಕಟ್ಟೆ. ದುಡ್ಡು ಜಾಸ್ತಿ. ನಾವು ಐದು ಜನ ಇರುವುದರಿಂದ ಅದೂ ಆಗುವುದಿಲ್ಲ, ಒಬ್ಬರನ್ನು ಬಿಡುವುದು ಯಾರನ್ನು?

ಅಕ್ಟೋಬರ್ ರಜೆಗೆ 31ನೇ ನಂಬರಿನ ರೈಲಿನಲ್ಲಿ ದಕ್ಷಿಣಕ್ಕೆ, ಹಾತ್ ಯಾಯ್‌ಗೆ ಹೋಗುವುದು ಎಂದು ಮಾತಾಗಿದೆ. ಐದೂ ಕೆಳಗಿನ ಬರ್ತ್ ಬೇಕು ಎಂದು ನಾನು ಹೇಳಿ ಮುಗಿಸುವ ಮೊದಲೇ ಸ್ಕಾಟ್ಲೆಂಡ್‌ನವನು ತನ್ನ ಪಾಲಿನ ಹಣ ಕಳುಹಿಸಿಬಿಟ್ಟಿದ್ದಾನೆ.