ಆನಿಮೇಷನ್ ಕಲಿಕೆಗೂ ಗೇಮಿಂಗ್‌ಗೂ ಒಂದೇ ಲ್ಯಾಪ್‌ಟಾಪ್: ಕಾರ್ಡಿನ ಹೆಸರಲ್ಲ, ವ್ಯಾಟ್ ನೋಡಿ

ಗೇಮ್ ಆಡುವಾಗ ಫ್ರೇಮ್ ರೇಟ್ ಬಿದ್ದರೆ ಸೆಟ್ಟಿಂಗ್ ಸ್ವಲ್ಪ ಇಳಿಸಿ ಆಟ ಮುಂದುವರಿಸಬಹುದು. ರೆಂಡರ್, ಅಂದರೆ ಆನಿಮೇಷನ್ ಸೀನಿನ ಅಂತಿಮ ಚಿತ್ರಗಳನ್ನು ಕಂಪ್ಯೂಟರ್ ಒಂದೊಂದಾಗಿ ತಯಾರಿಸುವ ಕೆಲಸದ ವಿಷಯದಲ್ಲಿ ಹಾಗಾಗುವುದಿಲ್ಲ. ಸೆಕೆಂಡಿಗೆ 24 ಫ್ರೇಮ್ ಎಂದರೆ 10 ಸೆಕೆಂಡಿನ ಒಂದು ಶಾಟ್‌ಗೆ 240 ಫ್ರೇಮ್. ಒಂದು ಫ್ರೇಮಿಗೆ 2 ನಿಮಿಷ ಹಿಡಿದರೆ ಪೂರಾ 8 ಗಂಟೆ. ಮೊದಲ ಅರ್ಧ ಗಂಟೆ ಚುರುಕಾಗಿ ಓಡಿದ ಲ್ಯಾಪ್‌ಟಾಪ್ ಆಮೇಲೆ ಕಾದು ಏದುಸಿರು ಬಿಡತೊಡಗಿ, ಫ್ರೇಮಿಗೆ ಎರಡೂವರೆ ನಿಮಿಷ ತೆಗೆದುಕೊಂಡರೆ ಅದೇ ಶಾಟ್ ಹತ್ತಿರ ಹತ್ತಿರ 10 ಗಂಟೆ ಎಳೆಯುತ್ತದೆ. ಬೆಳಿಗ್ಗೆ ಸಬ್ಮಿಷನ್ ಇದ್ದವರಿಗೆ ಆ 2 ಗಂಟೆಯ ಬೆಲೆ ಚೆನ್ನಾಗಿ ಗೊತ್ತು. ಅದಕ್ಕೇ ಈ ವಿಮರ್ಶೆಯಲ್ಲಿ ನಾವು ಯಂತ್ರಗಳನ್ನು ತೂಗುವುದು ಎಷ್ಟು ಜೋರಾಗಿ ಓಡುತ್ತವೆ ಎಂಬುದರಿಂದ ಅಲ್ಲ, ಎಷ್ಟು ಹೊತ್ತು ಹಾಗೇ ಓಡುತ್ತವೆ ಎಂಬುದರಿಂದ.

ಎಲ್ಲರೂ ಎಡವುವುದು ಗ್ರಾಫಿಕ್ಸ್ ಕಾರ್ಡಿನಲ್ಲಿ. ಸ್ಟಿಕ್ಕರ್ ಮೇಲೆ ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4060 ಎಂದು ಇದ್ದ ಮಾತ್ರಕ್ಕೆ ಎರಡು ಲ್ಯಾಪ್‌ಟಾಪ್‌ಗಳು ಒಂದೇ ಆಗುವುದಿಲ್ಲ. ಲ್ಯಾಪ್‌ಟಾಪ್‌ನ 4060 ಚಿಪ್‌ಗೆ ಎನ್‌ವಿಡಿಯಾ ಕೊಟ್ಟಿರುವ ವಿದ್ಯುತ್ ಮಿತಿ 35ರಿಂದ 115 ವ್ಯಾಟ್. ಅದರ ಮೇಲೆ ಡೈನಾಮಿಕ್ ಬೂಸ್ಟ್ ಎಂಬ ವ್ಯವಸ್ಥೆ, ಪ್ರೊಸೆಸರ್ ಸುಮ್ಮನಿದ್ದಾಗ ಅದರ ಪಾಲಿನ 25 ವ್ಯಾಟ್‌ವರೆಗೆ ಗ್ರಾಫಿಕ್ಸ್‌ಗೆ ದಾಟಿಸುತ್ತದೆ. ಹೀಗಾಗಿ ಅದೇ ಹೆಸರಿನ ಕಾರ್ಡ್ ತೆಳ್ಳಗಿನ ಮೈಯಲ್ಲಿ 60 ವ್ಯಾಟ್‌ಗೆ ತೆವಳುತ್ತಿರಬಹುದು, ದಪ್ಪ ಮೈಯಲ್ಲಿ 140 ವ್ಯಾಟ್‌ವರೆಗೆ ಹೋಗಬಹುದು. ಹಾಗೆಂದು 140ರ ಬೆನ್ನು ಹತ್ತಲೇಬೇಕೆಂದಿಲ್ಲ. 4060 ಮತ್ತು 4070ರಲ್ಲಿ 100 ವ್ಯಾಟ್ ದಾಟಿದ ಮೇಲೆ ಸಿಗುವ ವೇಗ ಅಲ್ಪ. 60-75 ವ್ಯಾಟ್‌ನ ಯಂತ್ರಗಳನ್ನು ಬಿಟ್ಟುಬಿಡಿ, 100ರ ಆಸುಪಾಸು ಇದ್ದರೆ ಸಾಕು. ಈ ಸಂಖ್ಯೆ ಕಂಪನಿಯ ಸ್ಪೆಸಿಫಿಕೇಷನ್ ಪುಟದಲ್ಲಿ ಟಿಜಿಪಿ (ಟೋಟಲ್ ಗ್ರಾಫಿಕ್ಸ್ ಪವರ್) ಅಥವಾ ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್ ಎಂದು ಇರುತ್ತದೆ. ಯಂತ್ರ ಕೈಯಲ್ಲೇ ಇದ್ದರೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆದು ಸಿಸ್ಟಂ ಇನ್ಫರ್ಮೇಷನ್ ನೋಡಿ, ಅಲ್ಲಿ ಸಿಗುತ್ತದೆ.

ವ್ಯಾಟ್ ಆದ ಮೇಲೆ ವಿಡಿಯೊ ಮೆಮೊರಿ, ಅಂದರೆ ಗ್ರಾಫಿಕ್ಸ್ ಕಾರ್ಡಿನ ಸ್ವಂತ ಮೆಮೊರಿ. ಆನಿಮೇಷನ್‌ಗೂ ಗೇಮಿಂಗ್‌ಗೂ ದಾರಿ ಬೇರೆಯಾಗುವುದು ಇಲ್ಲೇ. ಲ್ಯಾಪ್‌ಟಾಪ್‌ನ 4050ಕ್ಕೆ 6 ಜಿಬಿ, 4060ಕ್ಕೂ 4070ಕ್ಕೂ 8 ಜಿಬಿ, 4080ಕ್ಕೆ 12, 4090ಕ್ಕೆ 16. ಮುಂದಿನ ಪೀಳಿಗೆಯಲ್ಲೂ ಕಥೆ ಅದೇ: 5060 ಮತ್ತು 5070ಕ್ಕೆ 8 ಜಿಬಿ, 5070 ಟಿಐಗೆ 12, 5080ಕ್ಕೆ 16. ಅಂದರೆ 60ರಿಂದ 70ಕ್ಕೆ ಏರಿದರೆ ವೇಗ ಹೆಚ್ಚುತ್ತದೆಯೇ ಹೊರತು ಜಾಗ ಒಂದಿಷ್ಟೂ ಹೆಚ್ಚುವುದಿಲ್ಲ. ಆನಿಮೇಷನ್ ವಿದ್ಯಾರ್ಥಿಗೆ ಆ ನಡುವಿನ ಮೆಟ್ಟಿಲು ದಂಡ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. 60ರಲ್ಲೇ ನಿಂತು ಉಳಿದ ಹಣವನ್ನು ರ‍್ಯಾಮ್‌ಗೂ ಒಳ್ಳೆಯ ಪರದೆಗೂ ಹಾಕಿ. ಕೈಯಲ್ಲಿ ಶಕ್ತಿಯಿದ್ದರೆ ನೇರ 12 ಜಿಬಿಗೆ ಹೋಗಿ.

ಜಾಗ ಎಲ್ಲಿ ಖರ್ಚಾಗುತ್ತದೆ ಎಂಬುದಕ್ಕೆ ಒಂದು ಟೆಕ್ಸ್‌ಚರ್ (3ಡಿ ವಸ್ತುವಿನ ಮೈಮೇಲೆ ಹೊದಿಸುವ ಚಿತ್ರ) ಹಿಡಿದು ಲೆಕ್ಕ ಹಾಕೋಣ. 4ಕೆ ಟೆಕ್ಸ್‌ಚರ್ ಎಂದರೆ 4096 ಅಡ್ಡ, 4096 ಉದ್ದ. ಒಂದೊಂದು ಪಿಕ್ಸೆಲ್‌ಗೆ 4 ಬೈಟ್. ಗುಣಿಸಿದರೆ 64 ಎಂಬಿ. ಡಿಸ್ಕಿನಲ್ಲಿ ಅದೇ ಚಿತ್ರ 5 ಎಂಬಿಯ ಜೆಪೆಗ್ ಆಗಿ ಕುಳಿತಿದ್ದರೂ ರೆಂಡರ್ ವೇಳೆ ಮೆಮೊರಿಯಲ್ಲಿ ಪೂರ್ತಿ ಬಿಚ್ಚಿಕೊಂಡು 64 ಎಂಬಿಯನ್ನೇ ಆಕ್ರಮಿಸುತ್ತದೆ. ಒಂದು ಪಾತ್ರಕ್ಕೆ ಇಂಥ 20 ಟೆಕ್ಸ್‌ಚರ್ ಇದ್ದರೆ 1,280 ಎಂಬಿ. ಮೂರು ಪಾತ್ರ, ಒಂದು ಬೀದಿ, ಕೂದಲು, ಹುಲ್ಲು ಸೇರಿದರೆ 8 ಜಿಬಿ ತುಂಬಲು ಹೆಚ್ಚು ಹೊತ್ತು ಬೇಡ. ವಿಂಡೋಸ್, ಕೆಲಸದ ವೇಳೆ ಸೀನ್ ತೋರಿಸುವ ವ್ಯೂಪೋರ್ಟ್, ಹಿಂದೆ ತೆರೆದಿಟ್ಟ ಬ್ರೌಸರ್ ಕೂಡ ಅದೇ ಮೆಮೊರಿಯಲ್ಲಿ ಪಾಲು ಕೇಳುತ್ತವೆ. ತುಂಬಿದ ಮೇಲೆ ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನ ರೆಂಡರ್ ಎಂಜಿನ್ ಸೈಕಲ್ಸ್ ಹೆಚ್ಚುವರಿ ಭಾರವನ್ನು ಸಾಮಾನ್ಯ ರ‍್ಯಾಮ್‌ಗೆ ತಳ್ಳಿ ನಿಧಾನವಾಗುತ್ತದೆ, ಇಲ್ಲವೇ ಮೆಮೊರಿ ಸಾಲದೆಂದು ಹೇಳಿ ನಿಂತುಬಿಡುತ್ತದೆ. ಇಂಥ ಹೊತ್ತಿನಲ್ಲಿ ರೆಂಡರ್ ಪ್ರಾಪರ್ಟೀಸ್‌ನ ಸಿಂಪ್ಲಿಫೈಗೆ ಹೋಗಿ ಟೆಕ್ಸ್‌ಚರ್ ಮಿತಿಯನ್ನು 2048ಕ್ಕೆ ಇಳಿಸಿ. 64 ಎಂಬಿ 16ಕ್ಕೆ ಬರುತ್ತದೆ. ಹಿನ್ನೆಲೆಯ ವಸ್ತುಗಳಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಅಪರೂಪ.

ಎಎಮ್‌ಡಿ ಕಾರ್ಡ್ ಬೇಡವೇ ಎಂದರೆ, ಗೇಮ್‌ಗೆ ಅದು ಧಾರಾಳವಾಗಿ ಸಾಕು. ಬ್ಲೆಂಡರ್ ಕೂಡ ಹಿಪ್ ಎಂಬ ಎಎಮ್‌ಡಿಯ ವ್ಯವಸ್ಥೆಯ ಮೂಲಕ ಅದರಲ್ಲಿ ರೆಂಡರ್ ಮಾಡುತ್ತದೆ. ಆದರೆ ಮಾಯಾ ಎಂಬ 3ಡಿ ಸಾಫ್ಟ್‌ವೇರ್ ಜೊತೆ ಬರುವ ರೆಂಡರ್ ಎಂಜಿನ್ ಆರ್ನಾಲ್ಡ್‌ನ ಜಿಪಿಯು (ಗ್ರಾಫಿಕ್ಸ್ ಚಿಪ್) ರೆಂಡರ್ ಎನ್‌ವಿಡಿಯಾಗೆ ಮಾತ್ರ. ಕೋರ್ಸಿನಲ್ಲಿ ಯಾವ ಸಾಫ್ಟ್‌ವೇರ್ ಕಲಿಸುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ. ಮ್ಯಾಕ್‌ಬುಕ್ ಪ್ರೊ ಬಗ್ಗೆಯೂ ಇದೇ ಮಾತು: ಪರದೆ, ಬ್ಯಾಟರಿ ಎರಡೂ ಮೇಲ್ಮಟ್ಟದವು, ಮೆಮೊರಿ ಪ್ರೊಸೆಸರ್‌ಗೂ ಗ್ರಾಫಿಕ್ಸ್‌ಗೂ ಹಂಚಿಕೆಯಾಗುವುದರಿಂದ ದೊಡ್ಡ ಸೀನ್‌ಗಳೂ ಹಿಡಿಸುತ್ತವೆ. ಆದರೆ 3ಡಿಎಸ್ ಮ್ಯಾಕ್ಸ್ ಎಂಬ 3ಡಿ ಸಾಫ್ಟ್‌ವೇರ್ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ, ಎಷ್ಟೋ ಗೇಮ್‌ಗಳು ಮ್ಯಾಕ್‌ಗೆ ಬಂದೇ ಇಲ್ಲ.

ಪ್ರೊಸೆಸರ್ ವಿಷಯ ಬೇಗ ಮುಗಿಯುತ್ತದೆ. ರಿಗ್ ಮಾಡಿದ (ಚಲಿಸಲು ಎಲುಬುಗೂಡು ಜೋಡಿಸಿದ) ಪಾತ್ರವನ್ನು ಟೈಮ್‌ಲೈನ್‌ನಲ್ಲಿ ಎಳೆದಾಡುವಾಗ ತಡವರಿಸುವುದು ಹೆಚ್ಚಾಗಿ ಗ್ರಾಫಿಕ್ಸ್‌ನಿಂದಲ್ಲ, ಪ್ರೊಸೆಸರ್‌ನಿಂದ, ಅದೂ ಒಂಟಿ ಕೋರ್‌ನ ವೇಗದಿಂದ. ಹೊಗೆ, ನೀರು, ಬಟ್ಟೆಯ ಸಿಮ್ಯುಲೇಷನ್‌ಗಳೂ ಬ್ಲೆಂಡರ್‌ನಲ್ಲಿ ಪ್ರೊಸೆಸರ್ ಮೇಲೆಯೇ ನಡೆಯುತ್ತವೆ. ಹೆಸರಿನ ಕೊನೆಯಲ್ಲಿ ಎಚ್ಎಸ್ ಅಥವಾ ಎಚ್ಎಕ್ಸ್ ಇರಲಿ, ಯು ಬೇಡ. 8 ಕೋರ್, 16 ಥ್ರೆಡ್‌ನ ರೈಜನ್ 7 8845ಎಚ್ಎಸ್ ಕಲಿಕೆಗೆ ಸಾಕು. 20 ಕೋರ್‌ನ ಕೋರ್ ಐ7 14700ಎಚ್ಎಕ್ಸ್ ಸಿಮ್ಯುಲೇಷನ್‌ನಲ್ಲಿ ಸಮಯ ಉಳಿಸುತ್ತದೆ. ಅದೇ ಮೈಯಲ್ಲಿ ಐ9 ಹಾಕಿಸಿಕೊಂಡರೆ ಬಿಸಿ ಹೆಚ್ಚುವಷ್ಟು ಕೆಲಸ ಹೆಚ್ಚುವುದಿಲ್ಲ.

ರ‍್ಯಾಮ್ 16 ಜಿಬಿ ಇದ್ದರೆ ಕಲಿಕೆ ಶುರು ಮಾಡಬಹುದು, ಎರಡನೇ ಸೆಮಿಸ್ಟರ್ ಹೊತ್ತಿಗೆ 32 ಬೇಕೇ ಬೇಕು. ಆಫ್ಟರ್ ಎಫೆಕ್ಟ್ಸ್ ಎಂಬ ವಿಡಿಯೊ ಎಫೆಕ್ಟ್ ಸಾಫ್ಟ್‌ವೇರ್‌ನ ಹಳೆಯ ಆವೃತ್ತಿಗಳು ಪ್ರಿವ್ಯೂ ಫ್ರೇಮ್‌ಗಳನ್ನು ರ‍್ಯಾಮ್‌ನಲ್ಲೇ ಪೇರಿಸುತ್ತವೆ, ಜಾಗ ಮುಗಿದರೆ ಪ್ಲೇಬ್ಯಾಕ್ ಅಲ್ಲಿಗೇ ಕಡಿದುಹೋಗುತ್ತದೆ. ಹಲವು ಲ್ಯಾಪ್‌ಟಾಪ್‌ಗಳು 16 ಜಿಬಿಯ ಒಂದೇ ಕಡ್ಡಿಯೊಂದಿಗೆ ಬರುತ್ತವೆ. ಆಗ ಮೆಮೊರಿಯ ಹಾದಿ ಅರ್ಧ ಅಗಲವಾಗಿ ಗೇಮ್‌ಗಳಲ್ಲಿ ಫ್ರೇಮ್ ತೊಡರುತ್ತದೆ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಒತ್ತಿದರೆ ಎರಡರಲ್ಲಿ ಎಷ್ಟು ಸ್ಲಾಟ್ ಬಳಕೆಯಲ್ಲಿದೆ ಎಂದು ತೋರಿಸುತ್ತದೆ. ಒಂದೇ ಇದ್ದರೆ ಅದೇ ವೇಗದ ಇನ್ನೊಂದು ಕಡ್ಡಿ ಸೇರಿಸಿದರಾಯಿತು, ಡಿಡಿಆರ್5 5600 ಇದ್ದಲ್ಲಿ 5600ನೇ ತನ್ನಿ. ತೆಳು ಮಾಡೆಲ್‌ಗಳಲ್ಲಿ ಎಲ್‌ಪಿಡಿಡಿಆರ್5ಎಕ್ಸ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ, ಆಮೇಲೆ ಏರಿಸಲು ಬರುವುದಿಲ್ಲ. ಅವನ್ನು ಕೊಳ್ಳುವುದಾದರೆ ಮೊದಲ ದಿನವೇ 32 ತೆಗೆದುಕೊಳ್ಳಿ.

ಎಸ್ಎಸ್‌ಡಿ 1 ಟಿಬಿ ಇರಲಿ, ಅದನ್ನು ಕೂರಿಸುವ ಎಂ.2 ಸ್ಲಾಟ್ ಎರಡಿರಲಿ. 1920×1080ರ ಒಂದು ಇಎಕ್ಸ್‌ಆರ್ (ಬಣ್ಣದ ಮಾಹಿತಿ ಹೆಚ್ಚು ಹಿಡಿಯುವ ಚಿತ್ರದ ಫೈಲ್) ಫ್ರೇಮ್, ಹಾಫ್ ಫ್ಲೋಟ್‌ನಲ್ಲಿ, ಅಂದರೆ ಒಂದೊಂದು ಬಣ್ಣದ ಚಾನೆಲ್‌ಗೆ 2 ಬೈಟ್‌ನಂತೆ, ಕುಗ್ಗಿಸದೆ ಉಳಿಸಿದರೆ ಸುಮಾರು 16 ಎಂಬಿ ಆಗುತ್ತದೆ. 240 ಫ್ರೇಮಿಗೆ ಸುಮಾರು 4 ಜಿಬಿ. ಪಾಸ್‌ಗಳು (ನೆರಳು, ಹೊಳಪು ಮುಂತಾದವನ್ನು ಬೇರೆ ಬೇರೆಯಾಗಿ ಉಳಿಸಿದ ಪದರಗಳು) ಸೇರಿದರೆ ಇನ್ನೂ ಎಷ್ಟೋ ಪಟ್ಟು. ಮೂರು ಗೇಮ್ ಇಳಿಸಿಕೊಂಡ 512 ಜಿಬಿಯಲ್ಲಿ ಇದಕ್ಕೆ ಜಾಗ ಎಲ್ಲಿಂದ ಬರಬೇಕು?

ಪರದೆಯ ಬಗ್ಗೆ ಮಾತ್ರ ದಯವಿಟ್ಟು ರಾಜಿಯಾಗಬೇಡಿ. ಜಾಹೀರಾತಿನಲ್ಲಿ 144 ಹರ್ಟ್ಸ್ ಎಂದು ದಪ್ಪಕ್ಷರದಲ್ಲಿರುತ್ತದೆ, ಬಣ್ಣದ ವ್ಯಾಪ್ತಿ ಕೆಳಗೆಲ್ಲೋ ಸಣ್ಣಕ್ಷರದಲ್ಲಿ. 45% ಎನ್‌ಟಿಎಸ್‌ಸಿ (ಬಣ್ಣದ ವ್ಯಾಪ್ತಿಯ ಹಳೆಯ ಮಾನದಂಡ) ಎಂದಿದ್ದರೆ ಅದು ಕಂಪ್ಯೂಟರ್‌ಗಳ ಸಾಮಾನ್ಯ ಮಾನದಂಡವಾದ ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಮೂರನೇ ಎರಡು ಪಾಲನ್ನೂ ಸರಿಯಾಗಿ ತೋರಿಸದ ಪ್ಯಾನೆಲ್. ಅದರ ಮೇಲೆ ಕೆಂಪು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ, ಮುಖದ ಚರ್ಮ ಕಳೆಗುಂದಿ ಕಾಣುತ್ತದೆ. ಸಾಲದೆಂದು ನೀವು ಸ್ಯಾಚುರೇಷನ್ ಏರಿಸುತ್ತೀರಿ. ಅದೇ ಶಾಟ್ ಒಳ್ಳೆಯ ಮಾನಿಟರ್ ಮೇಲೆ ತೆರೆದಾಗ ಪಾತ್ರದ ಕೆನ್ನೆಗೆ ಬಣ್ಣ ಬಳಿದಂತೆ ಕಾಣುತ್ತದೆ. 100% ಎಸ್‌ಆರ್‌ಜಿಬಿ, 300 ನಿಟ್ಸ್‌ಗಿಂತ ಹೆಚ್ಚು ಬೆಳಕು, ಇವು ಕನಿಷ್ಠ. ಒಂದೇ ಮಾಡೆಲ್ ಹೆಸರಿನಲ್ಲಿ ಎರಡು ಬಗೆಯ ಪ್ಯಾನೆಲ್ ಮಾರುವುದು ಮಾಮೂಲು, ಆದ್ದರಿಂದ ಹೆಸರಲ್ಲ, ಪೂರ್ತಿ ಪಾರ್ಟ್ ನಂಬರ್ ಹಾಕಿ ಪರೀಕ್ಷಿಸಿ. 16:10 ಅನುಪಾತದ 2560×1600 ಪರದೆಯಲ್ಲಿ 2560×1440ಕ್ಕಿಂತ 160 ಸಾಲು ಹೆಚ್ಚು. ಚಲನೆಯ ರೇಖೆಗಳನ್ನು ತಿದ್ದುವ ಗ್ರಾಫ್ ಎಡಿಟರ್ ಬಳಸುವವರಿಗೆ ಅದು ದೊಡ್ಡ ಉಪಕಾರ. ಒಎಲ್ಇಡಿ ಬಣ್ಣ ಸೊಗಸು, ಆದರೆ ದಿನವಿಡೀ ಕದಲದೆ ನಿಲ್ಲುವ ಟೂಲ್‌ಬಾರ್‌ಗಳು ವರ್ಷಗಳಲ್ಲಿ ಅಚ್ಚೊತ್ತುವ ಅಪಾಯ ಇದ್ದೇ ಇದೆ.

ಗ್ರಾಫಿಕ್ಸ್ ಚಿಪ್ಪನ್ನು ನೇರ ಪರದೆಗೆ ಜೋಡಿಸುವ ಮಕ್ಸ್ ಸ್ವಿಚ್ ಇದೆಯೇ ಎಂದೂ ಕೇಳಿ. ಅದಿಲ್ಲದಿದ್ದರೆ ಎನ್‌ವಿಡಿಯಾ ಚಿಪ್ ಬಿಡಿಸಿದ ಪ್ರತಿ ಫ್ರೇಮೂ ಪ್ರೊಸೆಸರ್‌ನ ಗ್ರಾಫಿಕ್ಸ್ ದಾಟಿಯೇ ಪರದೆಗೆ ಬರಬೇಕು. ಗೇಮ್‌ನಲ್ಲಿ ಅದು ಗೊತ್ತಾಗುತ್ತದೆ, ರೆಂಡರ್‌ಗೆ ಅದರಿಂದ ನಷ್ಟವಿಲ್ಲ. ಇನ್ನು ಕೀಬೋರ್ಡ್: ಬ್ಲೆಂಡರ್‌ನಲ್ಲಿ ಮುಂದಿನ ನೋಟಕ್ಕೆ 1, ಬದಿಗೆ 3, ಮೇಲಿಂದ 7, ಕ್ಯಾಮೆರಾಗೆ 0, ಎಲ್ಲವೂ ನಂಬರ್ ಪ್ಯಾಡ್‌ನಲ್ಲೇ. 14 ಇಂಚಿನಲ್ಲಿ ಅದಿರುವುದಿಲ್ಲ. ಎಮ್ಯುಲೇಟ್ ನಮ್‌ಪ್ಯಾಡ್ ಎಂಬ ಆಯ್ಕೆ ಇದ್ದರೂ ಮೇಲಿನ ಸಾಲಿನ ಅಂಕಿಗಳು ಮಾಡುತ್ತಿದ್ದ ಕೆಲಸ ತಪ್ಪುತ್ತದೆ.

ಮಾಡೆಲ್‌ಗಳಿಗೆ ಬರೋಣ. ಲೆನೊವೊ ಲೀಜನ್ ಪ್ರೊ 5ಐ ಮತ್ತು ಏಸರ್ ಪ್ರಿಡೇಟರ್ ಹೀಲಿಯೋಸ್ ನಿಯೋ 16, ಎರಡೂ 16 ಇಂಚು, ಎರಡರಲ್ಲೂ 4060ಕ್ಕೆ 140 ವ್ಯಾಟ್, ಬದಲಿಸಬಹುದಾದ ಎರಡು ರ‍್ಯಾಮ್ ಸ್ಲಾಟ್, 2560×1600 ಪರದೆ. ತೂಕ ಎರಡೂವರೆ ಕಿಲೋ ಹತ್ತಿರ, ಚಾರ್ಜರ್‌ನ ಇಟ್ಟಿಗೆ ಬೇರೆ. ರೆಂಡರ್ ಹೆಚ್ಚು, ಓಡಾಟ ಕಡಿಮೆ ಇದ್ದವರಿಗೆ ನಮ್ಮ ಆಯ್ಕೆ ಈ ಜಾತಿಯ ಯಂತ್ರಗಳೇ. 2024ರ ಏಸುಸ್ ಜೆಫೈರಸ್ ಜಿ14 ಇದರ ಎದುರು ತುದಿ: ಒಂದೂವರೆ ಕಿಲೋ, ಚಂದದ ಒಎಲ್ಇಡಿ, ಗ್ರಾಫಿಕ್ಸ್‌ಗೆ 90 ವ್ಯಾಟ್, ರ‍್ಯಾಮ್ ಬೆಸುಗೆ. ದಿನಾ ಹೆಗಲಿಗೇರಿಸಿ ಅಲೆಯುವ 2ಡಿ ಕಲಾವಿದರಿಗೆ ಅದು ಹಿಡಿಸುತ್ತದೆ, ರಾತ್ರಿಯಿಡೀ ಸೈಕಲ್ಸ್ ಓಡಿಸುವವರಿಗೆ ಅಲ್ಲ.

ಕೊಂಡ ಮೇಲೆ ಹೆಚ್ಚಿನವರು ಮರೆಯುವ ಒಂದು ಸೆಟ್ಟಿಂಗ್ ಇದೆ. ಬ್ಲೆಂಡರ್ ಮೊದಲ ಬಾರಿ ತೆರೆದಾಗ ಸೈಕಲ್ಸ್ ಪ್ರೊಸೆಸರ್‌ನಲ್ಲೇ ರೆಂಡರ್ ಮಾಡುತ್ತದೆ, ಇಷ್ಟೆಲ್ಲ ಕಾಸು ಸುರಿದ ಕಾರ್ಡ್ ಸುಮ್ಮನೆ ಕುಳಿತಿರುತ್ತದೆ. ಪ್ರಿಫರೆನ್ಸಸ್, ಸಿಸ್ಟಂ, ಅಲ್ಲಿ ಎನ್‌ವಿಡಿಯಾ ಕಾರ್ಡ್‌ಗಳಿಗೆಂದೇ ಇರುವ ಆಪ್ಟಿಕ್ಸ್ ಆರಿಸಿ. ಕಾರ್ಡಿನ ಹೆಸರಿಗೆ ಟಿಕ್ ಹಾಕಿ, ಕೆಳಗಿನ ಪ್ರೊಸೆಸರ್‌ನ ಟಿಕ್ ತೆಗೆಯಿರಿ. ಎರಡೂ ಕೂಡಿ ದುಡಿದರೆ ಬೇಗವಾಗುತ್ತದೆ ಎಂದು ತೋರುತ್ತದೆ, ಆದರೆ ಲ್ಯಾಪ್‌ಟಾಪ್‌ನಲ್ಲಿ ಬಿಸಿ ಹೊರಹಾಕುವ ಕೊಳವೆಗಳು ಎರಡಕ್ಕೂ ಒಂದೇ, ಡೈನಾಮಿಕ್ ಬೂಸ್ಟ್ ವ್ಯಾಟ್ ಕೂಡ ಪ್ರೊಸೆಸರ್ ಪಾಲಾಗುತ್ತದೆ. ನಂತರ ರೆಂಡರ್ ಪ್ರಾಪರ್ಟೀಸ್‌ನಲ್ಲಿ ಡಿವೈಸ್ ಜಿಪಿಯು ಕಂಪ್ಯೂಟ್ ಮಾಡಿ. ಎನ್‌ವಿಡಿಯಾ ಡ್ರೈವರ್ ಗೇಮ್ ರೆಡಿ ಬದಲು ಸ್ಟುಡಿಯೊ ಹಾಕಿ, ಗೇಮ್‌ಗಳು ಅದರಲ್ಲೂ ಚೆನ್ನಾಗೇ ಓಡುತ್ತವೆ. ರೆಂಡರ್ ವೇಳೆ ಕಂಪನಿಯ ಮೂಲ ಚಾರ್ಜರ್ ಹಾಕಿರಲೇಬೇಕು. 100 ವ್ಯಾಟ್‌ನ ಟೈಪ್-ಸಿ ಚಾರ್ಜರ್ ಟಿಪ್ಪಣಿ ಬರೆಯಲು ಸಾಕು, ರೆಂಡರ್‌ಗೆ ಸಾಲದೆ ಬ್ಯಾಟರಿಯನ್ನು ಕುಡಿಯುತ್ತದೆ. ಲ್ಯಾಪ್‌ಟಾಪ್‌ನ ಹಿಂಭಾಗ ಎರಡು ಮೂರು ಸೆಂಟಿಮೀಟರ್ ಎತ್ತಿಡಿ, ಹಾಸಿಗೆಯ ಮೇಲೆ ಬೇಡ. ಫ್ರೇಮ್‌ಗಳನ್ನು ನೇರ ವಿಡಿಯೊ ಮಾಡದೆ ಬಿಡಿ ಚಿತ್ರಗಳಾಗಿ ಉಳಿಸಿ. 180ನೇ ಫ್ರೇಮಿನಲ್ಲಿ ಕೈಕೊಟ್ಟರೆ ಅದೇ 180ರಿಂದ ಮುಂದುವರಿಸಬಹುದು.

ಹಿಂದಿರುಗಿಸುವ ಅವಧಿ ಮುಗಿಯುವ ಮುನ್ನ ಒಂದು ಪರೀಕ್ಷೆ ಮಾಡಿ. ಒಂದು ಫ್ರೇಮಿಗೆ 2 ನಿಮಿಷ ಹಿಡಿಯುವ ಸೀನ್ ತೆಗೆದು ಕ್ಯಾಮೆರಾ ಕದಲಿಸದೆ 30 ಫ್ರೇಮ್ ರೆಂಡರ್‌ಗೆ ಬಿಡಿ. ಪಕ್ಕದಲ್ಲಿ ಎಚ್‌ಡಬ್ಲ್ಯುಇನ್ಫೊ ಎಂಬ ಸಾಫ್ಟ್‌ವೇರ್ ತೆರೆದು ಗ್ರಾಫಿಕ್ಸ್‌ನ ವ್ಯಾಟ್ ಮತ್ತು ಉಷ್ಣತೆ ದಾಖಲಾಗಲಿ. ಎರಡನೇ ಫ್ರೇಮಿನ ಸಮಯವನ್ನು ಕೊನೆಯದಕ್ಕೆ ಹೋಲಿಸಿ, ಮೊದಲನೆಯದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಶೇಡರ್ ಸಿದ್ಧವಾಗುವ ಹೊತ್ತು ಅದರಲ್ಲಿ ಸೇರಿರುತ್ತದೆ. ವ್ಯತ್ಯಾಸ 5% ಒಳಗಿದ್ದರೆ ಯಂತ್ರ ಗಟ್ಟಿ. 15% ದಾಟಿ, ವ್ಯಾಟ್ ಮೆಲ್ಲಗೆ ಕೆಳಗಿಳಿಯುತ್ತಾ ಹೋಗಿದ್ದರೆ ಚಿಪ್ಪಿನ ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ಸರಿಯಾಗಿ ಕೂತಿಲ್ಲ ಅಥವಾ ಆ ಮೈಗೆ ಆ ಚಿಪ್ ಭಾರವಾಗಿದೆ. ಆ ದಾಖಲೆಯ ಜೊತೆಗೇ ಯಂತ್ರವನ್ನು ವಾಪಸ್ ಕೊಡಿ.